ನಮ್ಮ ಕತ್ತರಿಗೆ ಆಗದ ಕೂದಲು

ಊರಿಗೆ ಬರುವ ರಸ್ತೆಯ ತಿರುವಿನಲ್ಲಿ ನಗರಸಭೆಯವರು ನಿಲ್ಲಿಸಿದ ಹಳದಿ ಬೋರ್ಡಿನ ಮೇಲೆ ಜನಸಂಖ್ಯೆ ಹತ್ತೊಂಬತ್ತು ಸಾವಿರದ ಚಿಲ್ಲರೆ ಎಂದಿದೆ. ಆ ಹತ್ತೊಂಬತ್ತು ಸಾವಿರದಲ್ಲಿ ಯಾರು ಎಷ್ಟು ಮಂದಿ, ಯಾರ ಅಜ್ಜ ಎಲ್ಲಿಂದ ಬಂದವನು ಎಂದು ಬರೆದಿಲ್ಲ. ಬರೆಯಲು ಹೋದರೆ ಬೋರ್ಡು ಸಾಲದು, ಮೇಲಿಂದ ಜಗಳ ಬೇರೆ. ತಿಳಿಯಲೇಬೇಕು ಎನ್ನುವ ಚಪಲವಿದ್ದವರು ಶನಿವಾರ ಸಂಜೆ ಪೇಟೆ ಬೀದಿಯ ಬೋಳಣ್ಣನ ಸಲೂನಿಗೆ ಹೋಗಿ ನೆಲ ನೋಡಿದ್ದರೆ ಸಾಕಿತ್ತು. ಗುಡ್ಡದವರ ನೆಟ್ಟಗಿನ ಕಪ್ಪು ಕೂದಲು ಅಲ್ಲಿ ಬಿದ್ದಿರುತ್ತಿತ್ತು. ಇವರು ಗುಡ್ಡ ಇಳಿದು ಎಲ್ಲರಿಗಿಂತ ಮೊದಲು ಬಂದವರು, ಹಾಗಾಗಿ ತಮ್ಮನ್ನು ಬರೀ 'ಊರವರು' ಎಂದು ಕರೆದುಕೊಳ್ಳುವವರು. ಅದರ ಪಕ್ಕದಲ್ಲೇ ಹಡಗಿನವರ ಕಂದು ಕೂದಲು. ಯಾವುದೋ ಕಾಲದಲ್ಲಿ ಹಡಗು ಕೆಟ್ಟು ಇಲ್ಲಿ ಇಳಿದ ನಾವಿಕರು ಮತ್ತೆ ಹತ್ತುವ ಮನಸ್ಸು ಮಾಡಲಿಲ್ಲ, ಅವರ ಮೊಮ್ಮಕ್ಕಳು ಇವರು. ಆಮೇಲೆ ಸಮುದ್ರದಾಚೆಯಿಂದ ಬಟ್ಟೆ ಮಾರಲು ಬಂದು ಬೀದಿಯ ಅರ್ಧ ಅಂಗಡಿ ಹಿಡಿದವರ ದಪ್ಪ ಕೂದಲು, ಪೊರಕೆಗೂ ಸಿಗದೆ ಹಠ ಮಾಡುವಂಥದ್ದು. ಗುಡಿಸಿದ ಮೇಲೆ ಎಲ್ಲವೂ ಒಂದೇ ಗುಡ್ಡೆ. ಆ ಗುಡ್ಡೆಯಲ್ಲಿ ಒಂದು ಬಗೆಯದು ಮಾತ್ರ ನಲವತ್ತು ವರ್ಷದಲ್ಲಿ ಒಂದು ದಿನವೂ ಕಾಣಲಿಲ್ಲ. ಅದು ದ್ವೀಪದವರ ಗುಂಗುರು ಕೂದಲು.

ದ್ವೀಪದವರನ್ನು ಮೂರು ತಲೆಮಾರಿನ ಹಿಂದೆ ಉಪ್ಪಿನ ಕಂಪನಿ ಮೂಟೆ ಹೊರಲೆಂದು ದೋಣಿ ತುಂಬ ತಂದು ಇಳಿಸಿತ್ತು. ಕಂಪನಿ ಮುಚ್ಚಿತು, ಇವರನ್ನು ವಾಪಸು ಒಯ್ಯುವುದು ಯಾರಿಗೂ ನೆನಪಾಗಲಿಲ್ಲ. ಹಳೆಯ ಗೋದಾಮಿನ ಹಿಂದೆ, ಕಾಲುವೆಯ ಆಚೆ, ಉಪ್ಪಿನ ಸಾಲು ಎಂಬ ಕೇರಿಯಲ್ಲಿ ಅವರ ಮನೆಗಳು. ಊರಿನ ಮೀನು ಹೆಚ್ಚುವವರು ಅವರೇ, ಲಾರಿಗೆ ಮಾಲು ತುಂಬುವವರು ಅವರೇ, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವರೂ ಅವರೇ. ಊರು ಅವರಿಗೆ ಎಲ್ಲ ಕೆಲಸ ಕೊಡುತ್ತಿತ್ತು, ಸಲೂನಿನ ಕುರ್ಚಿ ಮಾತ್ರ ಕೊಡುತ್ತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೊರಗೆ ಹೋಗು ಅನ್ನುತ್ತಿರಲಿಲ್ಲ, ನಾವು ಅಷ್ಟು ಒರಟರಲ್ಲ. "ನಮ್ಮ ಕತ್ತರಿ ನಿಮ್ಮ ಕೂದಲಿಗೆ ಆಗಲ್ಲಪ್ಪ" ಎಂದು ಊರಿನ ನಾಲ್ಕೂ ಸಲೂನಿನವರು ನಗುನಗುತ್ತಲೇ ಹೇಳುತ್ತಿದ್ದರು. ಕತ್ತರಿಯ ಮೇಲೆ ಹಾಕಿಬಿಟ್ಟರೆ ಮನುಷ್ಯರ ಮೇಲೆ ಮಾತು ಬರುವುದಿಲ್ಲ.

ಬೋಳಣ್ಣನಿಗೆ ಅರವತ್ತೊಂದು ವರ್ಷ. ಗೋಧಿ ಬಣ್ಣ, ಚಪ್ಪಟೆ ಕಿವಿ, ಕನ್ನಡಿಗೆ ಪೈಪೋಟಿ ಕೊಡುವಂತೆ ನುಣ್ಣಗೆ ಹೊಳೆಯುವ ತಲೆ. ಸಲೂನಿನವನ ತಲೆಯಲ್ಲೇ ಕೂದಲಿಲ್ಲ ಎಂದು ಊರು ನಲವತ್ತು ವರ್ಷ ಅದೇ ತಮಾಷೆ ಮಾಡಿತು, ಅವನೂ ಪ್ರತಿ ಸಲ ಹೊಸದಾಗಿ ಕೇಳಿದವನ ಹಾಗೆ ನಕ್ಕ. ಇಪ್ಪತ್ತಕ್ಕೇ ಉದುರಿಹೋಯಿತು, ನಮ್ಮಪ್ಪನಿಗೂ ಹಾಗೇ ಎಂದು ಹೇಳಿಕೊಂಡಿದ್ದ. ಉದುರಿದ್ದೂ ಸುಳ್ಳು, ಅಪ್ಪನದೂ ಸುಳ್ಳು. ದಿನವೂ ಬೆಳಿಗ್ಗೆ ಎದ್ದ ತಕ್ಷಣ ಬಚ್ಚಲಿನ ಬಾಗಿಲು ಹಾಕಿಕೊಂಡು, ಕನ್ನಡಿಯಿಲ್ಲದೆ, ಬೆರಳಲ್ಲಿ ತಡವಿ ತಡವಿ ತನ್ನ ತಲೆಯನ್ನು ತಾನೇ ಬೋಳಿಸಿಕೊಳ್ಳುತ್ತಿದ್ದ. ಜ್ವರ ಬಂದಾಗಲೂ ಬಿಟ್ಟವನಲ್ಲ. ಒಂದು ವಾರ ಬಿಟ್ಟಿದ್ದರೆ ಸಾಕು, ಉಪ್ಪಿನ ಸಾಲಿನ ಗುಂಗುರು ಅವನ ನೆತ್ತಿಯ ಮೇಲೆ ಎದ್ದು ಕೂತಿರುತ್ತಿತ್ತು. ಅವನು ಆ ಸಾಲಿನಲ್ಲಿ ಹುಟ್ಟಿದವನು.

ತಾಯಿ ದ್ವೀಪದವಳು, ಮೂಟೆ ಹೊರುತ್ತಿದ್ದಳು. ತಂದೆ ಹಡಗಿನವರ ಪೈಕಿ ಯಾರೋ, ನಿಲ್ಲಲಿಲ್ಲ. ನಾಲ್ಕು ವರ್ಷ ದೊಡ್ಡ ಅಕ್ಕ ತಾಯಿಯ ಬಣ್ಣ ಹೊತ್ತು ಬಂದಿದ್ದಳು, ಇವನಿಗೆ ತಂದೆಯ ಬಣ್ಣ, ತಾಯಿಯ ಕೂದಲು. ಕತ್ತರಿ ಹಿಡಿಯಲು ಕಲಿಸಿದವಳು ಆ ಅಕ್ಕನೇ. ಸಾಲಿನ ಗಂಡಸರು ಗೋದಾಮಿನ ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಕತ್ತರಿಸಿಕೊಳ್ಳುತ್ತಿದ್ದರು. ಆ ಕೂದಲಿನ ಗುಟ್ಟು ಏನೆಂದರೆ, ಅದನ್ನು ಒದ್ದೆ ಮಾಡಿ ಕತ್ತರಿಸಬಾರದು. ಒದ್ದೆಯಿದ್ದಾಗ ಉದ್ದಕ್ಕೆ ಇಳಿದು ಮೋಸ ಮಾಡುತ್ತದೆ, ಒಣಗಿದ ಮೇಲೆ ಬೆರಳುದ್ದ ಮೇಲೆ ಹೋಗಿ ಅಲ್ಲೊಂದು ಗುಂಡಿ ಇಲ್ಲೊಂದು ಗುಡ್ಡ ಆಗುತ್ತದೆ. ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸುತ್ತ ಬಂದು, ಒಣಗಿದ ಮೇಲೆ ಸುರುಳಿ ಸುರುಳಿಯಾಗಿ ನೋಡಿ ಕತ್ತರಿಸಬೇಕು. ಇದನ್ನು ಅಕ್ಕ ಹೇಳಿಕೊಟ್ಟಳು. ಹದಿನಾಲ್ಕಕ್ಕೆ ಅವನ ಕೈ ಎಷ್ಟು ಪಳಗಿತ್ತೆಂದರೆ ಭಾನುವಾರ ಮೆಟ್ಟಿಲ ಮೇಲೆ ಸರದಿ ನಿಲ್ಲುತ್ತಿತ್ತು.

ಹದಿನೇಳಕ್ಕೆ ದೊಡ್ಡ ಊರಿಗೆ ಹೋಗಿ ಒಂದು ಸಲೂನಿನಲ್ಲಿ ಸೇರಿಕೊಂಡ. ಅಲ್ಲಿ ತಲೆ ಬೋಳಿಸಿಕೊಂಡ ಮೊದಲ ದಿನ ಮಾಲೀಕ ಅವನನ್ನು ನೀನು ಯಾವ ಕಡೆಯವನು ಎಂದು ಕೇಳಲಿಲ್ಲ. ಅಷ್ಟೇ ಆದದ್ದು, ಅದರಿಂದ ಇಡೀ ಬದುಕು ಆಯಿತು. ನಾಲ್ಕು ವರ್ಷದ ಮೇಲೆ ಇದೇ ಊರಿಗೆ ವಾಪಸು ಬಂದು ಪೇಟೆ ಬೀದಿಯಲ್ಲಿ ಕುರ್ಚಿ ಹಾಕಿದ. ಉತ್ತರದ ಕಡೆಯವನು, ಹಿಂದುಮುಂದು ಯಾರೂ ಇಲ್ಲ ಎಂದ. ಬೇರೆ ಊರಿಗೆ ಹೋಗಬಹುದಿತ್ತು. ತಾಯಿಯ ಮನೆಯ ಹೊಗೆ ಕಾಣುವಷ್ಟು ದೂರದಲ್ಲಿ, ತಾಯಿಯನ್ನು ಮಾತಾಡಿಸದೆ ಬದುಕುವ ಆಸೆ ಎಂಥದ್ದೋ ದೇವರಿಗೇ ಗೊತ್ತು.

ಬಂದ ಮೊದಲ ತಿಂಗಳಲ್ಲೇ ಮೀನು ಮಾರ್ಕೆಟ್ಟಿನ ಹತ್ತಿರ ಅಕ್ಕ ಎದುರಾದಳು. ಅಕ್ಕ ಬುಟ್ಟಿ ಹೊತ್ತು, ಅವನ ಮುಖದ ಮೇಲೆ ಕಣ್ಣು ಹಾಯಿಸಿ, ಕಂಬವನ್ನು ನೋಡಿದ ಹಾಗೆ ನೋಡಿ ದಾಟಿ ಹೋದಳು. ಗುರುತು ಸಿಗಲಿಲ್ಲ ಎಂದುಕೊಂಡ. ಸ್ವಂತ ಅಕ್ಕನ ಕಣ್ಣಿಗೇ ಮಣ್ಣೆರಚಿದೆ ಎಂದು ಅವತ್ತು ಹೆಮ್ಮೆಯಾಯಿತು. ಮನೆಗೆ ಬಂದು ಊಟಕ್ಕೆ ಕೂತರೆ ತುತ್ತು ಇಳಿಯಲಿಲ್ಲ. ಆಮೇಲೆ ಸಾಲಿನ ಬೇರೆಯವರೂ ಎದುರಾದರು, ಹಳೆಯ ಜೊತೆಗಾರರೂ ಎದುರಾದರು, ಒಬ್ಬರೂ ಗುರುತು ಹಿಡಿಯಲಿಲ್ಲ. ಬೋಳು ತಲೆಗೆ ಇಷ್ಟು ಶಕ್ತಿಯಿದೆ ಎಂದು ಅವನು ನಿಜಕ್ಕೂ ನಂಬಿದ.

ಎರಡು ವರ್ಷ ಕಳೆಯುವಷ್ಟರಲ್ಲಿ ಮದುವೆಯಾಯಿತು. ಹೆಂಡತಿ ಊರವರ ಪೈಕಿ, ಬಂದರಿನ ಕಸ್ಟಮ್ಸ್ ಆಫೀಸಿನ ಗುಮಾಸ್ತರೊಬ್ಬರ ತಂಗಿ. ನೆಟ್ಟಗಿನ ಕೂದಲಿನ, ಸಣ್ಣ ಮಾತಿಗೂ ಬಾಯಿ ಮುಚ್ಚಿಕೊಂಡು ನಗುವ ಹೆಣ್ಣು. ಅವರಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎಂಬುದು ಬೀದಿಯ ಮಾತು, ಆಗದ ಹಾಗೆ ನೋಡಿಕೊಂಡವನು ಇವನು. ಮದುವೆಯಾದ ಎರಡನೆಯ ತಿಂಗಳು, ತಿರುಗುವ ಕುರ್ಚಿ ತರುತ್ತೇನೆಂದು ದೊಡ್ಡ ಊರಿಗೆ ಹೋದವನು ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು, ಕುರ್ಚಿಯನ್ನೂ ತಂದ. ಹುಟ್ಟುವ ಮಗುವಿನ ತಲೆ ಸುಮ್ಮನಿರುತ್ತದೆಯೇ? ತೊಟ್ಟಿಲಲ್ಲೇ ಊರಿಗೆಲ್ಲ ಹೇಳಿಬಿಡುತ್ತದೆ. ಹೆಂಡತಿ ಹನ್ನೊಂದು ವರ್ಷ ಒಬ್ಬಳೇ ಡಾಕ್ಟರ ಹತ್ತಿರ ಓಡಾಡಿದಳು, ಕಹಿ ಔಷಧಿ ಕುಡಿದಳು, ತಪ್ಪು ತನ್ನದೇ ಎಂದು ಒಂದೆರಡು ಸಲ ಅತ್ತಳು. ಅವಳು ಅಳುವಾಗ ಇವನು ಬೆನ್ನು ಸವರಿದ. ಅವಳು ತೀರಿಕೊಂಡು ಆರು ವರ್ಷವಾಯಿತು. ಸಾಯುವ ತನಕ ಅವಳಿಗೆ ಯಾವುದನ್ನೂ ಹೇಳಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ, ಅಂಗಡಿಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಭಾವ, ಅಂದರೆ ಹೆಂಡತಿಯ ಅಣ್ಣ, ಅದೇ ಕಸ್ಟಮ್ಸ್ ಗುಮಾಸ್ತರು, ರಿಟೈರಾಗಿ ಬಹಳ ಕಾಲವಾಗಿತ್ತು. ಕಟಿಂಗ್ ಇರಲಿ ಬಿಡಲಿ ಪೇಪರು ಓದಲು ದಿನಾ ಬರುವವರು. ಇನ್ನೊಬ್ಬ ಎದುರಿನ ಔಷಧಿ ಅಂಗಡಿಯವನು, ಹಡಗಿನವರ ಪೈಕಿ. ಪೇಪರಿನಲ್ಲಿ ಹೊಸ ಸುದ್ದಿ ಬಂದಿತ್ತು. ಊರಿನ ಹೈಸ್ಕೂಲಿಗೆ ಸೋಮವಾರದಿಂದ ಹೊಸ ಗಣಿತದ ಮೇಷ್ಟ್ರು, ಉಪ್ಪಿನ ಸಾಲಿನವನು, ಆ ಸಾಲಿನಿಂದ ಮೇಷ್ಟ್ರಾದವರಲ್ಲಿ ಮೊದಲನೆಯವನು. ಔಷಧಿ ಅಂಗಡಿಯವನು ಕಾಲ ಬದಲಾಯಿತು ಎಂದು ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಆ ಮೇಷ್ಟ್ರೇ ಬಾಗಿಲಲ್ಲಿ ನಿಂತಿದ್ದ.

ಬೋಳಣ್ಣನಿಗೆ ಅವನು ಯಾರೆಂದು ಹೇಳಬೇಕಾಗಿರಲಿಲ್ಲ. ಅಕ್ಕನ ಮಗ. ಅವನು ಶಾಲೆಗೆ ಹೋಗುವುದನ್ನು, ಮೀಸೆ ಬಂದದ್ದನ್ನು, ಕಾಲೇಜಿನ ಬಸ್ಸಿಗೆ ಕಾಯುವುದನ್ನು ಇದೇ ಕುರ್ಚಿಯ ಹಿಂದೆ ನಿಂತು, ಯಾರದೋ ಕತ್ತು ಕೆರೆಯುತ್ತ, ಇಪ್ಪತ್ತಾರು ವರ್ಷ ನೋಡಿದ್ದ. ಅಕ್ಕನ ಗಲ್ಲ, ಅಕ್ಕನ ನಡಿಗೆ. ಈಗ ಅವನು ಒಳಗೆ ಬಂದು, ಕಟಿಂಗ್ ಆಗಬೇಕಿತ್ತು ಎಂದ.

ಬಾಯಿಗೆ ಬಂದ ಮಾತು ಕತ್ತರಿಯದ್ದೇ. ಆದರೆ ಪೇಪರು ಇನ್ನೂ ಭಾವನ ಕೈಯಲ್ಲಿತ್ತು, ಹೈಸ್ಕೂಲು ಮೇಷ್ಟ್ರನ್ನು ಕತ್ತರಿ ತೋರಿಸಿ ಕಳಿಸುವುದು ಯಾರಿಗೂ ಚೆನ್ನಾಗಿ ಕಾಣುತ್ತಿರಲಿಲ್ಲ. ಕೂರಿಸಿದ. ಬಟ್ಟೆ ಹೊದಿಸಿದ. ನಲವತ್ತನಾಲ್ಕು ವರ್ಷದ ಮೇಲೆ ಆ ಕೂದಲಿಗೆ ಕೈಯಿಟ್ಟ.

ಕೈಗೆ ಮರೆವೆಂಬುದಿಲ್ಲ. ಮನಸ್ಸು ಬೇಡ ಬೇಡ ಎನ್ನುವಷ್ಟರಲ್ಲಿ ಬೆರಳುಗಳು ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸತೊಡಗಿದವು. ಬಾಚಣಿಗೆ ತಾನಾಗಿ ಓರೆಯಾಯಿತು. ಹಿಂಗತ್ತಿನಿಂದ ಶುರುಮಾಡಿ ಒಂದೊಂದೇ ಸುರುಳಿಯನ್ನು ಎತ್ತಿ, ಬಿಟ್ಟು, ಅದು ಎಲ್ಲಿ ನಿಲ್ಲುತ್ತದೆಂದು ನೋಡಿ ಕತ್ತರಿಸಿದ. ಹುಡುಗ ಕಣ್ಣು ಮುಚ್ಚಿಕೊಂಡಿದ್ದ. ಕತ್ತಿನ ಹಿಂದೆ ಅರ್ಧ ಮುಗಿಯುವಷ್ಟರಲ್ಲಿ ಬೋಳಣ್ಣನಿಗೆ ಎಂಥದ್ದೋ ಸುಖ ಶುರುವಾಗಿತ್ತು. ಊರಿನ ನೆಟ್ಟಗಿನ ಕೂದಲುಗಳ ಮೇಲೆ ಇಷ್ಟು ವರ್ಷ ಅವನು ಕೂಲಿ ಮಾಡಿದ್ದ, ಕೆಲಸ ಮಾಡುತ್ತಿದ್ದದ್ದು ಈಗ.

ಆಗ ಭಾವ ಪೇಪರಿನ ಮೇಲಿಂದ ಕಣ್ಣೆತ್ತಿ, "ಅರೆ, ಚೆನ್ನಾಗೇ ಕೂರುತ್ತಲ್ಲಯ್ಯ ನಿನ್ನ ಕೈ. ಎಲ್ಲಿ ಕಲಿತೆ ಇದನ್ನ?" ಎಂದರು.

ಔಷಧಿ ಅಂಗಡಿಯವನೂ ಕತ್ತು ಚಾಚಿದ. ಬೋಳಣ್ಣ ಕತ್ತರಿ ಇಟ್ಟ, ನೀರಿನ ಸ್ಪ್ರೇ ಬಾಟಲಿ ಎತ್ತಿಕೊಂಡ, ಆ ತಲೆಯನ್ನು ತೊಪ್ಪೆಯಾಗಿ ತೋಯಿಸಿದ. ಹುಡುಗ ಕಣ್ಣು ಬಿಟ್ಟು ಕನ್ನಡಿಯಲ್ಲಿ ಇವನ ಕಣ್ಣನ್ನು ನೋಡಿದ. ಆ ಮೇಲೆ ಬೋಳಣ್ಣ ಉದ್ದಕ್ಕೆ ಇಳಿದ ಒದ್ದೆ ಕೂದಲನ್ನು ಬಾಚಣಿಗೆಯ ಮೇಲೆ ಎತ್ತಿ, ಊರವರ ಕೂದಲಿನ ಹಾಗೆ, ಸರಸರನೆ ಸಮಕ್ಕೆ ಕತ್ತರಿಸಿಕೊಂಡು ಹೋದ. ತಿಳಿಯದವನು ಹೇಗೆ ಕತ್ತರಿಸುತ್ತಾನೋ ಹಾಗೆಯೇ ಕತ್ತರಿಸಿದ. ಅಷ್ಟು ಪಕ್ಕಾ ಕೆಡಿಸಲು ತಿಳಿದವನಿಗೆ ಮಾತ್ರ ಸಾಧ್ಯ. ಬಟ್ಟೆ ಕೊಡವುವ ಹೊತ್ತಿಗೆ ಒಣಗತೊಡಗಿದ ತಲೆಯಲ್ಲಿ ಕಿವಿಯ ಮೇಲೊಂದು ಗುಂಡಿ, ನೆತ್ತಿಯಲ್ಲಿ ಎರಡು ಗುಡ್ಡ ಎದ್ದಿದ್ದವು.

"ನಮ್ಮ ಕತ್ತರಿ ಈ ಕೂದಲಿಗೆ ಆಗಲ್ಲ ಮೇಷ್ಟ್ರೇ, ಮೊದಲೇ ಹೇಳಬೇಕಿತ್ತು" ಎಂದ ಬೋಳಣ್ಣ. ಹುಡುಗ ಪರವಾಗಿಲ್ಲ ಎಂದು ಎದ್ದು ಹೋದ. ಔಷಧಿ ಅಂಗಡಿಯವನು ನಗು ತಡೆದುಕೊಂಡ. ಭಾವ ನಗಲಿಲ್ಲ, ಪೇಪರು ಮಡಿಸಿಟ್ಟು ಹೊರಟರು.

ಅವತ್ತು ನೆಲ ಗುಡಿಸಲು ಬೋಳಣ್ಣನಿಗೆ ಬಹಳ ಹೊತ್ತು ಹಿಡಿಯಿತು. ಸೋಮವಾರ ಬೆಳಿಗ್ಗೆ ನಲವತ್ತು ಮಕ್ಕಳೆದುರು ಆ ತಲೆ ಹೊತ್ತು ನಿಲ್ಲಬೇಕು ಆ ಹುಡುಗ. ಕರಿಹಲಗೆಯ ಕಡೆ ತಿರುಗಿದ ಕೂಡಲೇ ಹಿಂದಿನಿಂದ ಕಿಸಕ್ಕೆಂದು ನಗು ಬರುತ್ತದೆ. ಸಾಲಿನ ಮೊದಲ ಮೇಷ್ಟ್ರಿಗೆ ಮೊದಲ ದಿನದ ನಗುವನ್ನು ಕೈಯಾರೆ ಮಾಡಿ ಕಳಿಸಿದವನು ಯಾರು? ಸ್ವಂತ ಮಾವ. ಥೂ ಎಂದುಕೊಂಡ. ಸರಿಮಾಡಲು ಇನ್ನೂ ಒಂದು ದಿನವಿತ್ತು. ಭಾನುವಾರ ಬೆಳಿಗ್ಗೆ ಕತ್ತರಿ ಬಾಚಣಿಗೆಗಳನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಾಲುವೆಯ ಸೇತುವೆ ದಾಟಿದ.

ಉಪ್ಪಿನ ಸಾಲಿನಲ್ಲಿ ಹೊಸದೆಂದರೆ ನಲ್ಲಿಗಳು, ಡಿಶ್ ಆಂಟೆನಾಗಳು. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸು ಅವನನ್ನು ನೋಡಿದವಳೇ ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಹೋದಳು. ಹಲಗೆಯ ಮೇಲೆ ಇಸ್ಪೀಟು ಆಡುತ್ತಿದ್ದ ಇಬ್ಬರು ಮುದುಕರು ಗೋಡೆಯ ಕಡೆ ತಿರುಗಿ ಕೂತರು. ಅವರಲ್ಲಿ ಒಬ್ಬ ಅವನ ಜೊತೆ ಮೂಟೆ ಎಣಿಸುತ್ತ ಬೆಳೆದವನು. ಮುಂದೆ ಹೋದ ಹಾಗೆ ಬಾಗಿಲುಗಳು ಸದ್ದಿಲ್ಲದೆ ಅರ್ಧಕ್ಕೆ ಸರಿದವು. ಬಾಯಿ ತೆರೆದು ನೋಡುತ್ತಿದ್ದ ಒಂದು ಮಗುವಿನ ಮುಖವನ್ನು ಅದರ ಅಜ್ಜಿ ತನ್ನ ಸೆರಗಿನ ಕಡೆ ತಿರುಗಿಸಿಕೊಂಡಳು. ಇದು ದ್ವೇಷ ಎಂದು ಮೊದಲು ಅನ್ನಿಸಿತು. ಆದರೆ ದ್ವೇಷವಿದ್ದವರು ದುರುಗುಟ್ಟಿ ನೋಡುತ್ತಾರೆ. ಇವರು ಮನೆಯಲ್ಲಿ ಮಲಗಿದವರಿರುವಾಗ ಸದ್ದು ಮಾಡದೆ ಓಡಾಡುವವರ ಹಾಗೆ, ಬಹಳ ದಿನದ ಅಭ್ಯಾಸದಂತೆ ಸರಿದುಕೊಳ್ಳುತ್ತಿದ್ದರು.

ಅಕ್ಕನ ಮನೆ ಹುಡುಕಬೇಕಾಗಿರಲಿಲ್ಲ, ಅವನು ಹುಟ್ಟಿದ ಮನೆಯೇ ಅದು. ಬಾಗಿಲು ತೆರೆದಿತ್ತು. ಅಕ್ಕ ಮೇಜಿನ ಮೇಲೆ ಕಂಬಳಿ ಹಾಸಿ ಮಗನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ತಮ್ಮನನ್ನು ನೋಡಿ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು. ಅವಳ ಕಣ್ಣು ಅವನ ಮುಖದ ಮೇಲೆ ನಿಲ್ಲದೆ ಅವನ ಭುಜ ದಾಟಿ ಬೀದಿಗೆ ಹೋಯಿತು.

"ಬರುವಾಗ ಪೇಟೆ ಕಡೆಯೋರು ಯಾರಾದ್ರೂ ನೋಡಿದ್ರಾ?" ಎಂದಳು.

ಇಲ್ಲ ಎಂದ. ಅವಳು ಅವನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು, ಹೋಗಿ ಕಿಟಕಿಯನ್ನೂ ಮುಚ್ಚಿದಳು. ಕಿಟಕಿ ಮುಚ್ಚಿದಾಗ ಬೋಳಣ್ಣನಿಗೆ ಮೊದಲು ಆದದ್ದು ಸಮಾಧಾನ. ಆಮೇಲೆ ತಾನು ಸಮಾಧಾನಪಟ್ಟೆನಲ್ಲ ಎಂದು ಗೊತ್ತಾಗಿ ಅವನಿಗೆ ತನ್ನ ಮೇಲೆ ಎಂದೂ ಇಲ್ಲದಷ್ಟು ಅಸಹ್ಯವಾಯಿತು.

ಹೆದರಬೇಡ, ಸಾಲಿನವರು ಬಾಯಿ ಬಿಡುವವರಲ್ಲ ಎಂದು ಅಕ್ಕ ಮೆಲ್ಲಗೆ ಹೇಳುತ್ತ ಹೋದಳು. ಅವನು ಪೇಟೆಯಲ್ಲಿ ಅಂಗಡಿ ಹಾಕಿದ ವಾರವೇ ಅವಳೂ ತಾಯಿಯೂ ಮನೆಮನೆಗೆ ಹೋಗಿ ಮಾತು ತೆಗೆದುಕೊಂಡಿದ್ದರಂತೆ. ಯಾರೂ ಅವನನ್ನು ಮಾತಾಡಿಸಬಾರದು, ನಗಬಾರದು, ನೋಡಿದರೆ ನೋಡದ ಹಾಗೆ ಹೋಗಬೇಕು, ಒಬ್ಬನಾದರೂ ಆ ಕುರ್ಚಿಯಲ್ಲಿ ಕೂತು ಬದುಕಿಕೊಳ್ಳಲಿ. ಆಮೇಲೆ ಹುಟ್ಟಿದ ಮಕ್ಕಳಿಗೂ ರಸ್ತೆ ದಾಟುವುದನ್ನು ಕಲಿಸಿದ ಹಾಗೆ ಇದನ್ನು ಕಲಿಸಿದ್ದರು. ಕಣ್ಣಿಗೆ ಮಣ್ಣೆರಚಿದೆ ಎಂದು ಬೀಗಿದ್ದನಲ್ಲ, ಇಡೀ ಕೇರಿ ನಲವತ್ತು ವರ್ಷ ಅವನಿಗಾಗಿ ಬೇಕೆಂದೇ ಕುರುಡಾಗಿತ್ತು.

"ಅಮ್ಮನ್ನ ತಗೊಂಡು ಹೋಗುವಾಗ ಕೂಡ ಪೇಟೆ ಬೀದೀಲಿ ಹೋಗ್ಲಿಲ್ಲ ಕಣೋ, ಹಿಂದಿನ ರಸ್ತೇಲಿ ಸುತ್ತಾಕಿಕೊಂಡು ಹೋದ್ವಿ. ನೀನು ಅಂಗಡೀಲಿ ಇರ್ತೀಯ, ಜನರ ಮುಂದೆ ಕಷ್ಟ ಆಗುತ್ತೆ ಅಂತ ಅಮ್ಮನೇ ಹೇಳಿಟ್ಟಿದ್ಲು."

ಅವನಿಗೆ ತಾಯಿ ಸತ್ತದ್ದು ಗೊತ್ತಾದದ್ದು ಮೂರು ದಿನದ ಮೇಲೆ, ಗಡ್ಡ ಕೆರೆಸಿಕೊಳ್ಳುತ್ತಿದ್ದ ಗೋದಾಮಿನ ಕಾವಲುಗಾರನ ಬಾಯಿಂದ. ಆ ದಿನ ಅವನು ಆ ಗಡ್ಡವನ್ನು ಒಂದು ಗೀರೂ ಬೀಳದಂತೆ ಕೆರೆದು ಮುಗಿಸಿದ್ದ. ಈಗ ಟವೆಲಿನ ಗಂಟು ಬಿಚ್ಚಲು ಬರಲಿಲ್ಲ.

ಹುಡುಗ ಒಳಗಿನಿಂದ ಬಂದ. ಸಾಲಿನವರು ಯಾರೋ ಕೆಟ್ಟಿದ್ದನ್ನು ಸರಿಮಾಡಲು ನೋಡಿ, ಆಗದೆ, ಎಲ್ಲವನ್ನೂ ಬುಡಕ್ಕೆ ಇಳಿಸಿದ್ದರು. ಅಲ್ಲಲ್ಲಿ ನೆತ್ತಿಯ ಚರ್ಮ ಕಾಣುತ್ತಿತ್ತು. ಕತ್ತರಿಗೆ ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಅಕ್ಕ ಅಂಗಿಯ ಕಾಲರನ್ನು ಬೆರಳಲ್ಲಿ ತೀಡುತ್ತ, "ಒದ್ದೇಲಿ ಕತ್ತರಿಸಿದೀಯ" ಎಂದಳು ಅಷ್ಟೇ. ಕಲಿಸಿದವಳಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ.

ಅವನನ್ನು ನನ್ನ ಅಂಗಡಿಗೆ ಯಾಕೆ ಕಳಿಸಿದೆ ಎಂದು ಬೋಳಣ್ಣ ಕೇಳಿದ. ಅಕ್ಕ ಅಂಗಿಯನ್ನು ಮಡಿಸಿಟ್ಟಳು.

"ಹೊಸ ಕೆಲಸಕ್ಕೆ ಹೋಗ್ತಿದಾನೆ. ತಂದೆ ಇಲ್ಲ. ನಮ್ಮ ಕಡೆ ಗಂಡಸು ಅಂದ್ರೆ ನೀನೊಬ್ಬನೇ. ನಿನ್ನ ಕೈ ಒಂದು ಸಲ ಅವನ ತಲೆ ಮೇಲೆ ಬೀಳ್ಲಿ ಅಂತ ಆಸೆ ಇತ್ತು ನಂಗೆ. ಬಾ ಆಶೀರ್ವಾದ ಮಾಡು ಅಂತ ಕೇಳೋಕಾಗುತ್ತಾ? ಕಟಿಂಗ್ ಅಂದ್ರೆ ಕೈ ಇಡಲೇಬೇಕಲ್ಲ, ಅದಕ್ಕೆ ಕಳಿಸ್ದೆ. ಮಾತಾಡಬೇಡ, ಸುಮ್ನೆ ಕೂತು ಬಾ ಅಂದಿದ್ದೆ."

ಅರ್ಧ ತಲೆಯವರೆಗೆ ಆ ಕೈ ಹೇಗಿತ್ತೆಂದು ಹುಡುಗ ಬಂದು ಅಮ್ಮನಿಗೆ ಹೇಳಿರಬೇಕು. ಉಳಿದರ್ಧವನ್ನು ಹೇಳಬೇಕಾಗಿರಲಿಲ್ಲ, ಕಾಣುತ್ತಿತ್ತು. ಬೋಳಣ್ಣ ನೆಲ ನೋಡಿದ. ಹುಡುಗ ಅವನಿಗೆ ಕುಡಿಯಲು ನೀರು ತಂದುಕೊಟ್ಟ, ಪಕ್ಕದಲ್ಲೇ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕದ ಪ್ರಶ್ನೆ ಕೇಳಿದ ಹಾಗೆ ಕೇಳಿದ.

"ನಾಳೆಯಿಂದ ದಿನಾ ನಿಮ್ಮ ಅಂಗಡಿ ಮುಂದೇನೇ ಹೋಗಬೇಕು. ಎದುರು ಸಿಕ್ಕಿದ್ರೆ ಏನಂತ ಕರೀಲಿ?"

ಮಾವ ಅನ್ನು. ಎರಡೇ ಮಾತು. ಬೋಳಣ್ಣನ ನಾಲಿಗೆಯ ತುದಿಯಲ್ಲಿ ಇತ್ತು, ಅಲ್ಲೇ ಕೂತಿತು. ಅವನು ಹೇಳದೆ ಇದ್ದುದನ್ನು ನೋಡಿ ಅಕ್ಕನೇ, ಕರೆಯುವುದು ಬೇಡ, ಇಷ್ಟು ದಿನ ಹೇಗಿತ್ತೋ ಹಾಗೇ ಇರಲಿ ಎಂದು ಮಗನಿಗೆ ಹೇಳಿಬಿಟ್ಟಳು. ಆಮೇಲೆ ತಮ್ಮನನ್ನು ಹಿತ್ತಲ ಬಾಗಿಲಿಂದ ಕಳಿಸಿದಳು, ಗೋದಾಮಿನ ಹಿಂದಿನಿಂದ ಹೋದರೆ ಯಾರೂ ಕಾಣುವುದಿಲ್ಲ ಎಂದು ದಾರಿ ತೋರಿಸಿದಳು. ಅವನು ಆ ದಾರಿಯಲ್ಲೇ ಹೋದ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಭಾವ ಕಟಿಂಗಿಗೆ ಕೂತಿದ್ದರು. ಔಷಧಿ ಅಂಗಡಿಯವನು ಬೆಂಚಿನ ಮೇಲೆ ಹಾಜರು. ಎದುರಿನ ಬೀದಿಯಲ್ಲಿ ಇಸ್ತ್ರಿ ಅಂಗಿಯ ಹೊಸ ಮೇಷ್ಟ್ರು ನಡೆದು ಬಂದ. ಸಲೂನಿಗೆ ಇನ್ನೂ ನಾಲ್ಕು ಅಂಗಡಿ ದೂರವಿರುವಾಗಲೇ ರಸ್ತೆ ದಾಟಿ ಆಚೆ ಬದಿಗೆ ಹೋದ, ಮುಖವನ್ನು ಬಟ್ಟೆ ಅಂಗಡಿಯ ಕಡೆ ತಿರುಗಿಸಿಕೊಂಡು ಮುಂದೆ ನಡೆದ. ಹುಟ್ಟಿದಂದಿನಿಂದ ಹೀಗೆಯೇ ಮಾಡುತ್ತಿದ್ದ. ಬೋಳಣ್ಣನ ಕಣ್ಣಿಗೆ ಅದು ಬಿದ್ದದ್ದು ಅವತ್ತು.

ಔಷಧಿ ಅಂಗಡಿಯವನು ನಕ್ಕ. ನೋಡಿ, ಕೋಳಿ ಪುಕ್ಕ ಕಿತ್ತ ಹಾಗಿದೆ ತಲೆ, ನಮ್ಮ ಬೋಳಣ್ಣನ ಕೈವಾಡ, ಪಾಪ ಅವನಿಗೇನು ಗೊತ್ತು ಆ ಕೂದಲು ಎಂದ.

"ಗೊತ್ತು" ಎಂದ ಬೋಳಣ್ಣ. ಕತ್ತರಿ ನಿಂತಿತು. "ಅವನು ನನ್ನ ಅಕ್ಕನ ಮಗ. ನಾನು ಅವನ ಸೋದರಮಾವ. ಬೇಕಂತಲೇ ಕೆಡಿಸಿದೆ."

ಹೇಳಿ ಆದಮೇಲೆ ನೆಲ ಬಿರಿಯುತ್ತದೆ ಎಂದು ಕಾದ. ಔಷಧಿ ಅಂಗಡಿಯವನು ಚಪ್ಪಲಿ ನೋಡಿಕೊಂಡ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಬರೀ ಮುಜುಗರ. ಭಾವ ಕನ್ನಡಿಯಲ್ಲೇ ಅವನನ್ನು ನೋಡುತ್ತಿದ್ದರು.

"ಗೊತ್ತಪ್ಪ" ಎಂದರು. "ಹದಿನಾಲ್ಕು ವರ್ಷಕ್ಕೆ ಮೂಟೆ ಎಣಿಸೋಕೆ ಬರ್ತಿದ್ದ ನಿನ್ನನ್ನ ಬಂದರಿನ ಗೇಟಲ್ಲಿ ನಾನೇ ದಿನಾ ಒಳಗೆ ಬಿಡ್ತಿದ್ದೆ. ತಲೆ ಬೋಳಿಸಿದ್ರೆ ಕಿವಿ ಬದಲಾಗುತ್ತಾ? ಬೀದಿಗೆಲ್ಲ ಗೊತ್ತು. ನೀನು ಹೇಳಿದ್ರೆ ನಾವು ಬೇರೆ ಸಲೂನು ಹುಡುಕಬೇಕಾಗ್ತಿತ್ತು. ನೀನು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಎಲ್ಲರಿಗೂ ಅನುಕೂಲವಾಗೇ ಇತ್ತು."

ಎಲ್ಲರಿಗೂ ಎಂ‌ಬುದು ಬೋಳಣ್ಣನ ಕಿವಿಯಲ್ಲಿ ನಿಂತಿತು. ಅವನಿಗೆ ಒಂದು ಮಾತು ಕೇಳಬೇಕಿತ್ತು, ಕೇಳಲು ಭಯವಿತ್ತು. ನಿಮ್ಮ ತಂಗಿಗೆ, ಎಂದಷ್ಟೇ ಅಂದ. ಭಾವನಿಗೆ ಅರ್ಥವಾಯಿತು. ಅವರು ಹೊದಿಕೆಯ ಒಳಗಿನಿಂದ ಕೈ ತೆಗೆದು ಮುಖ ಒರೆಸಿಕೊಂಡರು, ಕೂದಲ ಚೂರುಗಳು ಕೆನ್ನೆಗೆ ಅಂಟಿಕೊಂಡವು.

"ಮದುವೆಗೆ ಮುಂಚೇನೇ ನಾನು ಅವಳಿಗೆ ಹೇಳಿದ್ದೆ. ಯೋಚನೆ ಮಾಡು, ಹುಟ್ಟೋ ಮಕ್ಕಳ ತಲೆ ಆ ಥರಾನೇ ಇರುತ್ತೆ ಅಂದೆ. ಅವಳು ನಕ್ಕುಬಿಟ್ಲು. ಅಂಥ ಕೂದಲು ಬಾಚೋಕೆ ನಂಗೆ ಬರಲ್ಲ ಅಣ್ಣ, ಅದಕ್ಕೇನಂತೆ, ಅವರಿಗೆ ಬರುತ್ತಲ್ಲ ಅಂದ್ಲು."